ಹಚ್ಚುವುದೋ, ನುಂಗುವುದೋ

ಚರ್ಮರೋಗ ತಜ್ಞರ ಬಳಿಗೆ ಬರುವ ಇಪ್ಪತ್ತೈದು, ಮೂವತ್ತರ ಹುಡುಗರು ಕುರ್ಚಿಯಲ್ಲಿ ಕೂತು, ಕ್ಯಾಪ್ ತೆಗೆದು, ತಲೆ ಬಗ್ಗಿಸಿ ನೆತ್ತಿ ತೋರಿಸುತ್ತಾರೆ. ಮೊದಲು ಕೇಳುವುದು, "ಇದು ನಿಲ್ಲುತ್ತಾ ಡಾಕ್ಟ್ರೇ?" ಎಂದು. ನಿಲ್ಲಿಸಲು ಔಷಧಿ ಇದೆ ಎಂದು ತಿಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: "ಹಚ್ಚೋದು ಒಳ್ಳೇದಾ, ನುಂಗೋದು ಒಳ್ಳೇದಾ?"

ಈ ಪ್ರಶ್ನೆಯ ಹಿಂದೆ ಎರಡು ನಂಬಿಕೆಗಳಿವೆ. ಹಚ್ಚಿದ್ದು ಚರ್ಮದ ಮೇಲೇ ಉಳಿಯುತ್ತದೆ, ಅದರಿಂದ ಮೈಗೇನೂ ತೊಂದರೆಯಿಲ್ಲ ಎನ್ನುವುದು ಒಂದು. ನುಂಗಿದ್ದು ಒಳಗಿನಿಂದ ಕೆಲಸ ಮಾಡುತ್ತದೆ, ಹಾಗಾಗಿ ಅದೇ ಹೆಚ್ಚು ಬಲವಾದದ್ದು ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಪಾಲಿದೆ, ಪೂರ್ತಿ ಸತ್ಯವಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಡೆದ ಪರೀಕ್ಷೆಗಳು ಎರಡನ್ನೂ ಚೆನ್ನಾಗಿಯೇ ಅಲುಗಾಡಿಸಿವೆ. ತಲೆಕೂದಲಿಗಾಗಿ ವರ್ಷಗಟ್ಟಲೆ ಔಷಧಿ ಬಳಸಲು ಹೊರಟವನಿಗೆ ಈ ಲೆಕ್ಕ ಗೊತ್ತಿರಬೇಕು. ಅಂಗಡಿಯವನ ಮಾತು, ಮೊಬೈಲಿನ ಜಾಹೀರಾತು ಇವೆರಡರಿಂದಲೇ ತೀರ್ಮಾನ ಆಗಬಾರದು.

ಎಲ್ಲಕ್ಕಿಂತ ಮೊದಲು ಕಾಯಿಲೆ ಯಾವುದೆಂದು ಖಚಿತವಾಗಬೇಕು. ಡೆಂಗಿ, ಟೈಫಾಯ್ಡ್, ಕೋವಿಡ್ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಬಾಚಣಿಗೆ ತುಂಬ ಬರುವುದುಂಟು. ಥೈರಾಯ್ಡ್ ಏರುಪೇರಾದರೂ, ಊಟ ಬಿಟ್ಟು ಅವಸರದಲ್ಲಿ ತೂಕ ಇಳಿಸಿದರೂ ಹೀಗಾಗುತ್ತದೆ. ಕಾರಣ ಸರಿಹೋದರೆ ಅದು ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ. ನಾಣ್ಯದಗಲ ಗುಂಡಗೆ ಕೂದಲು ಉದುರಿದರೆ ಅದು ಬೇರೆಯದೇ ಕಾಯಿಲೆ, ಚಿಕಿತ್ಸೆಯೂ ಬೇರೆ. ಇಲ್ಲಿ ಮಾತಾಡುತ್ತಿರುವುದು ಗಂಡಸರಿಗೆ ವಂಶದಿಂದ ಬರುವ ಬೋಳಿನ ಬಗ್ಗೆ. ಹಣೆಯ ಎರಡು ಮೂಲೆಗಳು ಹಿಂದಕ್ಕೆ ಸರಿಯುತ್ತವೆ, ನೆತ್ತಿ ತೆಳುವಾಗುತ್ತದೆ, ಕಡೆಗೆ ಎರಡೂ ಕೂಡಿಕೊಂಡು ಕಿವಿಯ ಮೇಲೆ, ಹಿಂದಲೆಯಲ್ಲಿ ಮಾತ್ರ ಕೂದಲು ಉಳಿಯುತ್ತದೆ. ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ರೂಪಿಸಿ, ನಾರ್ವುಡ್ 1975ರಲ್ಲಿ ತಿದ್ದಿದ 7 ಹಂತಗಳ ಅಳತೆಯನ್ನೇ ವೈದ್ಯರು ಇಂದಿಗೂ ಬಳಸುತ್ತಾರೆ.

ಈ ಬೋಳಿನಲ್ಲಿ ಕೂದಲಿನ ಬುಡ ಒಮ್ಮೆಲೇ ಸಾಯುವುದಿಲ್ಲ. ತಲೆಯ ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಮಿಸಿ, ಉದುರಿ, ಅದೇ ಬುಡದಿಂದ ಮತ್ತೆ ಹುಟ್ಟುತ್ತದೆ. ವಂಶದ ಬೋಳು ಇರುವವರಲ್ಲಿ ಪ್ರತಿ ಸುತ್ತಿನಲ್ಲೂ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣ, ಹಿಂದಿನದಕ್ಕಿಂತ ಗಿಡ್ಡ. ಕಡೆಗೆ ಕಣ್ಣಿಗೆ ಬೀಳದ ನವಿರು ಮಾತ್ರ ಉಳಿಯುತ್ತದೆ. ಆ ನವಿರೂ ಹೋಗಿ ನೆತ್ತಿ ನುಣ್ಣಗಾದ ಮೇಲೆ ಹಚ್ಚುವ ಔಷಧಿಯೂ ನುಂಗುವ ಔಷಧಿಯೂ ಹೆಚ್ಚೇನನ್ನೂ ಮಾಡಲಾರವು. ತೆಳುವಾಗತೊಡಗಿದಾಗಲೇ ವೈದ್ಯರನ್ನು ಕಾಣಬೇಕು ಎನ್ನುವುದು ಅದಕ್ಕೆ.

ಗಟ್ಟಿ ಪರೀಕ್ಷೆಗಳಲ್ಲಿ ಗೆದ್ದು ಬಂದ ಔಷಧಿಗಳು ಮುಖ್ಯವಾಗಿ ಎರಡೇ: ಮಿನಾಕ್ಸಿಡಿಲ್ ಮತ್ತು ಫಿನಾಸ್ಟರೈಡ್. ಇವುಗಳ ಕಥೆಯಲ್ಲಿ ಒಂದು ವಿಚಿತ್ರ ತಿರುವಿದೆ. ಮಿನಾಕ್ಸಿಡಿಲ್ ಮಾತ್ರೆಯಾಗಿ ಹುಟ್ಟಿ, ಲೋಷನ್ ಆಗಿ ಹೆಸರು ಮಾಡಿ, ಈಗ ಮತ್ತೆ ಮಾತ್ರೆಯಾಗುತ್ತಿದೆ. ಫಿನಾಸ್ಟರೈಡ್ ಮಾತ್ರೆಯಾಗಿಯೇ ಹೆಸರು ಮಾಡಿ ಈಗ ಲೋಷನ್, ಸ್ಪ್ರೇ ಆಗುತ್ತಿದೆ. ಒಂದು ಒಳಗೆ ಹೊರಟಿದೆ, ಇನ್ನೊಂದು ಹೊರಗೆ ಬರುತ್ತಿದೆ. ಹಾಗೇಕೆ ಎಂದು ನೋಡಿದರೆ ಆ ಹುಡುಗರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಅಪ್‌ಜಾನ್ ಕಂಪನಿ ಹೊಟ್ಟೆ ಹುಣ್ಣಿಗೆ ಔಷಧಿ ಹುಡುಕುತ್ತಿತ್ತು. ಆ ಹುಡುಕಾಟದ ಹಾದಿಯಲ್ಲಿ ಸಿಕ್ಕ ಮಿನಾಕ್ಸಿಡಿಲ್ ಹುಣ್ಣಿಗೆ ಆಗಿಬರಲಿಲ್ಲ, ಆದರೆ ರಕ್ತನಾಳಗಳನ್ನು ಬಲವಾಗಿ ಹಿಗ್ಗಿಸುತ್ತಿತ್ತು. ಬೇರಾವ ಮಾತ್ರೆಗೂ ಬಗ್ಗದ ಬಿ.ಪಿ.ಗೆ ಅದು ಒದಗಿತು. 1970ರ ದಶಕದ ಆರಂಭದಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಚಿಡ್ಸಿ ಅದನ್ನು ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾಗ, ಮಾತ್ರೆ ನುಂಗಿದವರ ಮೈಮೇಲೆ, ಮುಖದ ಮೇಲೆ ಕೂದಲು ಬೆಳೆಯತೊಡಗಿತು. ಅಲ್ಲಿನ ಚರ್ಮರೋಗ ತಜ್ಞ ಗುಂಟರ್ ಕಾನ್ ಅದನ್ನು ಅಡ್ಡಪರಿಣಾಮ ಎಂದು ಬರೆದಿಟ್ಟು ಸುಮ್ಮನಾಗಲಿಲ್ಲ. ಸಹೋದ್ಯೋಗಿ ಪಾಲ್ ಗ್ರಾಂಟ್ ಜತೆಗೂಡಿ ಮಾತ್ರೆಯ ಔಷಧಿಯನ್ನು ದ್ರವದಲ್ಲಿ ಕರಗಿಸಿ, ತಮ್ಮ ಮೈಗೇ ಹಚ್ಚಿಕೊಂಡು ನೋಡಿದರು. ಹಚ್ಚಿದ ಜಾಗದಲ್ಲಿ ಕೂದಲು ಬಂತು. ಮುಂದೆ ಪೇಟೆಂಟಿಗಾಗಿ ಕಂಪನಿಗೂ ಅವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ಬಿ.ಪಿ. ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1979ರಲ್ಲಿ ಅನುಮತಿ ಕೊಟ್ಟಿತು. ತಲೆಗೆ ಹಚ್ಚುವ ಶೇ 2ರ ದ್ರಾವಣಕ್ಕೆ 1988ರಲ್ಲಿ ಅನುಮತಿ ಸಿಕ್ಕಿತು. 1996ರ ಹೊತ್ತಿಗೆ ಅದು ಅಲ್ಲಿ ಚೀಟಿಯಿಲ್ಲದೆ ಕೊಳ್ಳಬಹುದಾದ ಔಷಧಿಯಾಯಿತು, ಮರುವರ್ಷ ಗಂಡಸರಿಗಾಗಿ ಶೇ 5ರದ್ದು ಬಂತು. ಎರಡನ್ನೂ ಹೋಲಿಸಲು 393 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ 48 ವಾರಗಳ ಕೊನೆಗೆ ಶೇ 5ರ ದ್ರಾವಣ ಶೇ 2ರದ್ದಕ್ಕಿಂತ ಶೇ 45ರಷ್ಟು ಹೆಚ್ಚು ಕೂದಲು ಬೆಳೆಸಿತ್ತು. ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಈ ಶೇ 5ರ ಬಾಟಲಿಯೇ.

ಈ ಬಾಟಲಿಯನ್ನು ನಿಜವಾಗಿ ಬಳಸುವುದು ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಡ್ರಾಪರಿನಲ್ಲಿ 1 ಮಿಲಿಲೀಟರ್ ಎಳೆದು, ಇನ್ನೊಂದು ಕೈಯಿಂದ ಕೂದಲು ಸೀಳಿ, ಬೈತಲೆ ಬೈತಲೆಯಾಗಿ ಚರ್ಮದ ಮೇಲೆ ಬಿಡಬೇಕು. ಕೂದಲಿಗೆ ಬಿದ್ದರೆ ವ್ಯರ್ಥ, ಬುಡಕ್ಕೆ ಬೀಳಬೇಕು. ತಲೆ ಒಣಗಿರಬೇಕು. ಹಚ್ಚಿ ನಾಲ್ಕು ಗಂಟೆ ತಲೆಗೆ ನೀರು ಸೋಕಬಾರದು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬೇಸಿಗೆಯಲ್ಲಿ ಅದು ಬೆವರಿನ ಜತೆ ಹಣೆಗಿಳಿಯುತ್ತದೆ, ಕೂದಲು ಅಂಟಂಟಾಗುತ್ತದೆ, ದಿಂಬಿನ ಕವರಿಗೂ ಹತ್ತುತ್ತದೆ. ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರ ನೆತ್ತಿಗೆ ಒಗ್ಗದೆ ತುರಿಕೆ, ಹೊಟ್ಟು ತರುತ್ತದೆ. ಅಂಥವರಿಗೆ ಅದಿಲ್ಲದ ನೊರೆಯ ರೂಪದ ಔಷಧಿ ಉಂಟು. ಇಷ್ಟೆಲ್ಲ ಮಾಡಿದ ಮೇಲೆ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು! ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ಹೊಸದು ತಳ್ಳಿಕೊಂಡು ಬರುವ ಲಕ್ಷಣ ಅದು. ಅದನ್ನು ಯಾರೂ ಮುಂಚೆ ಹೇಳದೆ ಹೋದರೆ, ಹೆದರಿದ ಹುಡುಗ ಬಾಟಲಿಯನ್ನು ಅಲ್ಲಿಗೇ ಎಸೆದುಬಿಡುತ್ತಾನೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು.

ಲೋಷನ್ ಸೋಲುವುದು ಬಹಳಷ್ಟು ಸಲ ಇಲ್ಲಿಯೇ. ಅದರ ಶಕ್ತಿ ಸಾಲದೆ ಅಲ್ಲ, ದಿನಕ್ಕೆರಡು ಸಲ ಹಚ್ಚುವ ವ್ರತ ನಡೆಯದೆ. ಇನ್ನೊಂದು ಕಾರಣ ಚರ್ಮದ ಒಳಗಿದೆ. ಮಿನಾಕ್ಸಿಡಿಲ್ ಇದ್ದ ಹಾಗೆಯೇ ಕೆಲಸ ಮಾಡುವುದಿಲ್ಲ. ಕೂದಲಿನ ಬುಡದಲ್ಲಿರುವ ಸಲ್ಫೋಟ್ರಾನ್ಸ್‌ಫರೇಸ್ ಎಂಬ ಕಿಣ್ವ ಅದನ್ನು ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಬದಲಾಯಿಸಬೇಕು. ಆ ಕಿಣ್ವ ಕೆಲವರ ನೆತ್ತಿಯಲ್ಲಿ ಧಾರಾಳವಾಗಿದೆ, ಕೆಲವರಲ್ಲಿ ಕಡಿಮೆ. ಒಂದೇ ಬಾಟಲಿ ಅಣ್ಣನಿಗೆ ಫಲ ಕೊಟ್ಟು ತಮ್ಮನಿಗೆ ಕೊಡದಿರುವುದು ಹೀಗೆ. ಮಾತ್ರೆಯಾಗಿ ನುಂಗಿದರೆ ಈ ಬದಲಾವಣೆ ಯಕೃತ್ತಿನಲ್ಲೂ ಆಗುತ್ತದೆ, ನೆತ್ತಿಯ ಕಿಣ್ವವನ್ನೇ ನೆಚ್ಚಬೇಕಾಗಿಲ್ಲ.

ಮಿನಾಕ್ಸಿಡಿಲ್ ಮತ್ತೆ ಮಾತ್ರೆಯಾದದ್ದು ಈ ಎರಡು ಕಾರಣಗಳಿಂದ. ಬಿ.ಪಿ.ಗೆ ದಿನಕ್ಕೆ 10ರಿಂದ 40 ಮಿಲಿಗ್ರಾಂ ಕೊಡುತ್ತಿದ್ದರು. ಕೂದಲಿಗೆ ಕೊಡುವುದು 5 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಆಸ್ಟ್ರೇಲಿಯಾದ ರಾಡ್ನಿ ಸಿಂಕ್ಲೇರ್ ಇಂಥ ಸಣ್ಣ ಪ್ರಮಾಣವನ್ನು ಹೆಂಗಸರ ಕೂದಲು ತೆಳುವಾಗುವುದಕ್ಕೆ ಕೊಟ್ಟು 2018ರಲ್ಲಿ ಪ್ರಕಟಿಸಿದರು. 2022ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದರ ಬಗ್ಗೆ ದೊಡ್ಡದಾಗಿ ಬರೆದ ಮೇಲೆ ಅಮೆರಿಕದಲ್ಲಿ ಇದನ್ನು ಬರೆದುಕೊಡುವುದು ಒಮ್ಮೆಗೇ ಏರಿತು. ಹಾಗಿದ್ದರೂ ಕೂದಲಿಗೆಂದು ಈ ಮಾತ್ರೆಗೆ ಎಫ್‌ಡಿಎ ಅನುಮತಿಯಿಲ್ಲ. ವೈದ್ಯರು ತಮ್ಮ ವಿವೇಚನೆಯ ಮೇಲೆ, ರೋಗಿಗೆ ತಿಳಿಸಿ ಕೊಡುವ ಚಿಕಿತ್ಸೆ ಇದು.

ಮಾತ್ರೆಯೇ ಬಲವಾದದ್ದು ಎನ್ನುವ ನಂಬಿಕೆಗೆ ಉತ್ತರ ಬಂದದ್ದು ಬ್ರೆಜಿಲ್‌ನಿಂದ. ಅಲ್ಲಿ 90 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೊಂದು 5 ಮಿಲಿಗ್ರಾಂ ಮಾತ್ರೆ, ಇನ್ನೊಂದಕ್ಕೆ ದಿನಕ್ಕೆರಡು ಸಲ ಶೇ 5ರ ಲೋಷನ್ ಕೊಟ್ಟರು. ಯಾರಿಗೆ ಯಾವುದು ಎಂಬ ಸುಳಿವು ಸಿಗದಂತೆ ಎಲ್ಲರಿಗೂ ಮಾತ್ರೆಯೂ ಇತ್ತು, ಬಾಟಲಿಯೂ ಇತ್ತು. ಒಂದರಲ್ಲಿ ಮಾತ್ರ ಔಷಧಿ. 24 ವಾರಗಳ ನಂತರ ಕೂದಲು ಎಣಿಸಿದಾಗ ಮಾತ್ರೆ ಲೋಷನ್ನನ್ನು ಮೀರಿಸಿರಲಿಲ್ಲ. ಫೋಟೊ ನೋಡಿ ಅಂಕ ಹಾಕಿದಾಗ ನೆತ್ತಿಯ ಭಾಗದಲ್ಲಿ ಮಾತ್ರ ಮಾತ್ರೆಯ ಗುಂಪು ಒಂದು ಹೆಜ್ಜೆ ಮುಂದಿತ್ತು, ಹಣೆಯ ಭಾಗದಲ್ಲಿ ಇಲ್ಲ. ಮಾತ್ರೆ ನುಂಗಿದವರಲ್ಲಿ ಶೇ 49 ಮಂದಿಗೆ ಮೈಮೇಲೆ, ಮುಖದ ಮೇಲೆ ಬೇಡದ ಕೂದಲು ಬಂತು, ಶೇ 14 ಮಂದಿಗೆ ತಲೆನೋವು. 2024ರಲ್ಲಿ ಪ್ರಕಟವಾದ ಈ ಪರೀಕ್ಷೆ ಚಿಕ್ಕದೇ. ಆದರೂ ಲೋಷನ್ನನ್ನು ಕ್ರಮ ತಪ್ಪದೆ ಹಚ್ಚುವ ಗಂಡಸು ಮಾತ್ರೆಗೆ ಹೋದರೆ ಬಹಳ ಗೆಲ್ಲುತ್ತಾನೆ ಎನ್ನಲು ಇಂದು ಆಧಾರವಿಲ್ಲ. ಮಾತ್ರೆಯ ನಿಜವಾದ ಗುಣ ಸರಾಗತೆ. ಅದನ್ನು ಚಿಕ್ಕ ಗುಣ ಎಂದು ತಳ್ಳಿಹಾಕಲೂ ಬಾರದು. ಕಪಾಟಿನಲ್ಲಿ ಧೂಳು ಹಿಡಿದ ಬಾಟಲಿಯಿಂದ ಯಾರ ತಲೆಯಲ್ಲೂ ಕೂದಲು ಬೆಳೆದಿಲ್ಲ.

ಆ ಸರಾಗತೆಗೆ ತೆರಬೇಕಾದ ಬೆಲೆ ಏನು? ಬಿ.ಪಿ. ಪ್ರಮಾಣದ ಮಾತ್ರೆಯ ಪೊಟ್ಟಣದ ಮೇಲೆ ಅಮೆರಿಕದಲ್ಲಿ ಅತ್ಯಂತ ಕಟುವಾದ ಎಚ್ಚರಿಕೆ ಇದೆ: ಹೃದಯದ ಸುತ್ತ ನೀರು ತುಂಬಬಹುದು, ಎದೆನೋವು ಉಲ್ಬಣಿಸಬಹುದು. ಸಣ್ಣ ಪ್ರಮಾಣದಲ್ಲಿ ಚಿತ್ರ ಬೇರೆ. 1404 ಮಂದಿಯ ದಾಖಲೆ ಕೂಡಿಸಿ ನೋಡಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 15.1 ಮಂದಿಗೆ ಬೇಡದ ಕೂದಲು ಬೆಳೆದಿತ್ತು. ತಲೆ ಹಗುರಾದಂತಾಗಿದ್ದು ಶೇ 1.7 ಮಂದಿಗೆ, ಮೈಯಲ್ಲಿ ನೀರು ನಿಂತದ್ದು ಶೇ 1.3 ಮಂದಿಗೆ, ಎದೆ ಬಡಿತ ಏರಿದ್ದು ಶೇ 0.9 ಮಂದಿಗೆ. ವೈದ್ಯರು ಆರಿಸಿ, ಪ್ರಮಾಣ ಗೊತ್ತುಮಾಡಿ, ನಿಗಾ ಇಟ್ಟವರ ಅಂಕಿಗಳು ಇವು. ಹೃದಯದ, ಮೂತ್ರಪಿಂಡದ ತೊಂದರೆ ಇರುವವನು, ಬಿ.ಪಿ.ಗೆ ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವನು ಗೆಳೆಯನ ಮಾತು ಕೇಳಿ 10 ಮಿಲಿಗ್ರಾಂ ಮಾತ್ರೆ ತಂದು ನುಂಗಿದರೆ ಈ ಅಂಕಿಗಳು ಅವನಿಗೆ ಅನ್ವಯಿಸುವುದಿಲ್ಲ. ಕಣಕಾಲು ಊದಿದರೆ, ಕಣ್ಣಿನ ಸುತ್ತ ಬೆಳಿಗ್ಗೆ ಬಾವು ಕಂಡರೆ, ಎದ್ದು ನಿಂತಾಗ ಕತ್ತಲೆ ಕವಿದಂತಾದರೆ ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಇನ್ನು ಹಚ್ಚಿದ್ದು ಚರ್ಮದ ಮೇಲೇ ಉಳಿಯುತ್ತದೆ ಎಂಬ ಮಾತು. ಆರೋಗ್ಯವಂತ ನೆತ್ತಿಯಿಂದ ರಕ್ತಕ್ಕೆ ಸೇರುವುದು ಹಚ್ಚಿದ ಮಿನಾಕ್ಸಿಡಿಲ್‌ನ ಸುಮಾರು ಶೇ 1.4 ಮಾತ್ರ, ನಿಜ. ಆದರೆ ಔಷಧಿ ಹಚ್ಚಿದವನ ತಲೆ ಅವನೊಬ್ಬನದೇ ಆಗಿರುವುದಿಲ್ಲ. ಸ್ಪೇನ್ ದೇಶದ ನವಾರಾ ಪ್ರಾಂತ್ಯದಲ್ಲಿ ಒಂದು ಹಸುಗೂಸಿನ ಮೈಮೇಲೆಲ್ಲ ಕೂದಲು ಬೆಳೆಯತೊಡಗಿತ್ತು. ಕಾರಣ ಹುಡುಕಿದಾಗ ತಂದೆ ಶೇ 5ರ ಮಿನಾಕ್ಸಿಡಿಲ್ ಹಚ್ಚಿಕೊಂಡು ಮಗುವನ್ನು ಎತ್ತಿ ಆಡಿಸುತ್ತಿದ್ದುದು ತಿಳಿಯಿತು. ಅವನು ಹಚ್ಚುವುದನ್ನು ಬಿಟ್ಟ ಮೇಲೆ ಮಗುವಿನ ಕೂದಲು ಉದುರಿಹೋಯಿತು. ಯುರೋಪಿನಲ್ಲಿ ಇಂಥ ಇನ್ನೂ ಕೆಲವು ಪ್ರಕರಣಗಳು ದಾಖಲಾಗಿ, ಪೊಟ್ಟಣದೊಳಗಿನ ಸೂಚನಾ ಪತ್ರದಲ್ಲಿ ಎಚ್ಚರಿಕೆ ಸೇರಿತು. ಮನೆಯಲ್ಲಿ ಬೆಕ್ಕಿದ್ದರೂ ಜಾಗ್ರತೆ ಬೇಕು. ದಿಂಬಿನ ಮೇಲೆ ಉಳಿದ ಅಲ್ಪ ಮಿನಾಕ್ಸಿಡಿಲ್ ಕೂಡ ಬೆಕ್ಕಿಗೆ ಪ್ರಾಣಾಪಾಯ ತರಬಲ್ಲದು. ಹಚ್ಚಿದ ಮೇಲೆ ಕೈ ತೊಳೆಯಿರಿ ಎಂಬ ಸಾಲನ್ನು ಯಾರೂ ಓದದೆ ದಾಟಬಾರದು. ನುಂಗುವ ರೂಪದಲ್ಲಿ ಈ ಔಷಧಿ ಮಕ್ಕಳ ಮೇಲೆ ಏನು ಮಾಡಬಲ್ಲದು ಎನ್ನುವುದು 2019ರಲ್ಲಿ ಅದೇ ಸ್ಪೇನ್‌ನಲ್ಲಿ ಕಂಡಿತು. ಆಮ್ಲೀಯತೆಗೆ ಕೊಡುವ ಒಮೆಪ್ರಜೋಲ್ ಎಂಬ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಮಿನಾಕ್ಸಿಡಿಲ್ ಇತ್ತು. ಅದರಿಂದ ತಯಾರಾದ ಸಿರಪ್ ಕುಡಿದ ಕಂದಮ್ಮಗಳ ಹಣೆ, ಕೆನ್ನೆ, ಕೈಕಾಲುಗಳ ಮೇಲೆಲ್ಲ ಕೂದಲು ಬಂತು.

ಫಿನಾಸ್ಟರೈಡ್‌ನ ಕಥೆ ಶುರುವಾಗುವುದು ಔಷಧಿ ಅಂಗಡಿಯಿಂದ ಬಹಳ ದೂರದಲ್ಲಿ. ಅಳತೆಪಟ್ಟಿಯ ಅದೇ ಹ್ಯಾಮಿಲ್ಟನ್ 1942ರಲ್ಲಿ ಒಂದು ವಿಷಯ ತೋರಿಸಿದ್ದರು. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೋಳು ಬರುವುದಿಲ್ಲ. ಅವರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ, ವಂಶದಲ್ಲಿ ಬೋಳಿರುವವರಿಗೆ ಬರುತ್ತದೆ. ಅಲ್ಲಿಗೆ ಹಾರ್ಮೋನಿನ ಕೈವಾಡ ಖಚಿತವಾಯಿತು. ಯಾವ ಹಾರ್ಮೋನು ಎನ್ನುವುದಕ್ಕೆ ಕೆರಿಬಿಯನ್ ದ್ವೀಪವೊಂದರಿಂದ ಸುಳಿವು ಬಂತು. ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಂಡು, ಹರೆಯದಲ್ಲಿ ಗಂಡಾಗಿ ಬೆಳೆಯುತ್ತಿದ್ದರು. ಅಮೆರಿಕದ ವೈದ್ಯೆ ಜೂಲಿಯಾನ್ ಇಂಪೆರಾಟೊ-ಮ್ಯಾಗಿನ್ಲೆ ಮತ್ತು ಸಂಗಡಿಗರು ಅವರನ್ನು ಅಧ್ಯಯನ ಮಾಡಿ 1974ರಲ್ಲಿ ಪ್ರಕಟಿಸಿದರು. ಟೆಸ್ಟೋಸ್ಟೆರಾನನ್ನು ಡೈಹೈಡ್ರೋಟೆಸ್ಟೋಸ್ಟೆರಾನ್, ಅಂದರೆ ಡಿಎಚ್‌ಟಿ ಆಗಿ ಬದಲಾಯಿಸುವ ಕಿಣ್ವ ಅವರಲ್ಲಿ ಕೊರತೆಯಾಗಿತ್ತು. ದೊಡ್ಡವರಾದ ಮೇಲೆ ಅವರ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗಿಯೇ ಉಳಿಯುತ್ತಿತ್ತು, ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಆ ವರದಿ ಮರ್ಕ್ ಕಂಪನಿಯ ಸಂಶೋಧನಾ ಮುಖ್ಯಸ್ಥ ರಾಯ್ ವ್ಯಾಗೆಲೋಸ್ ಕಣ್ಣಿಗೆ ಬಿತ್ತು. ಆ ಕಿಣ್ವವನ್ನು ತಡೆಯುವ ಮಾತ್ರೆಯೇ ಫಿನಾಸ್ಟರೈಡ್. 5 ಮಿಲಿಗ್ರಾಂನದ್ದು 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ, 1 ಮಿಲಿಗ್ರಾಂನದ್ದು 1997ರ ಡಿಸೆಂಬರಿನಲ್ಲಿ ಬೋಳಿಗೆ ಅನುಮತಿ ಪಡೆದವು.

ಅದರ ಫಲದ ಬಗ್ಗೆ ಅನುಮಾನವಿಲ್ಲ. 18ರಿಂದ 41 ವಯಸ್ಸಿನ 1553 ಗಂಡಸರ ಮೇಲೆ ನಡೆದ ಪರೀಕ್ಷೆಗಳಲ್ಲಿ, ಎರಡು ವರ್ಷದ ಕೊನೆಗೆ ಮಾತ್ರೆ ತೆಗೆದುಕೊಂಡವರಲ್ಲಿ ಶೇ 83 ಮಂದಿಯ ಕೂದಲ ಎಣಿಕೆ ಆರಂಭಕ್ಕಿಂತ ಕೆಳಗಿಳಿದಿರಲಿಲ್ಲ. ಹುಸಿಮಾತ್ರೆ ನುಂಗಿದವರಲ್ಲಿ ಹಾಗಿದ್ದವರು ಶೇ 28 ಮಾತ್ರ. ಕೂದಲು ಬೆಳೆಸುವುದಕ್ಕಿಂತ ಇರುವುದನ್ನು ಉಳಿಸುವುದರಲ್ಲಿ ಇದು ಮೇಲು.

ಆದರೆ ನುಂಗಿದ ಮಾತ್ರೆ ತಲೆಗೆ ಮಾತ್ರ ಹೋಗುವುದಿಲ್ಲ, ಇಡೀ ಮೈಗೆ ಹೋಗುತ್ತದೆ. ಸ್ಕೆಲಿಟನ್ ಎಂಬ ಮಂಜಿನ ಜಾರುಬಂಡಿ ಆಟದ ಅಮೆರಿಕದ ಕ್ರೀಡಾಪಟು ಝ್ಯಾಕ್ ಲಂಡ್ ಬೋಳು ತಡೆಯಲು ಫಿನಾಸ್ಟರೈಡ್ ನುಂಗುತ್ತಿದ್ದ. ಉದ್ದೀಪನ ಮದ್ದನ್ನು ಮರೆಮಾಚಬಲ್ಲದು ಎಂದು ಆಗ ಅದು ನಿಷೇಧದ ಪಟ್ಟಿಯಲ್ಲಿತ್ತು. ಮೂತ್ರದಲ್ಲಿ ಸಿಕ್ಕಿಬಿದ್ದು 2006ರ ಚಳಿಗಾಲದ ಒಲಿಂಪಿಕ್ಸ್ ಅವನ ಕೈತಪ್ಪಿತು. 2009ರಲ್ಲಿ ಆ ನಿಷೇಧ ತೆಗೆದುಹಾಕಿದರು.

ಗಂಡಸರು ಹೆಚ್ಚು ಹೆದರುವುದು, ಕೇಳಲು ನಾಚುವುದು ಲೈಂಗಿಕ ತೊಂದರೆಯ ಬಗ್ಗೆ. ಮೊದಲ ವರ್ಷದ ಪರೀಕ್ಷೆಯಲ್ಲಿ ಮಾತ್ರೆಯವರಲ್ಲಿ ಶೇ 3.8, ಹುಸಿಮಾತ್ರೆಯವರಲ್ಲಿ ಶೇ 2.1 ಮಂದಿ ಆಸಕ್ತಿ ಕುಂದಿದ್ದು, ನಿಮಿರುವಿಕೆಯ ತೊಂದರೆ ಮುಂತಾದವನ್ನು ಹೇಳಿದರು. ಬಹುಪಾಲು ಜನರಲ್ಲಿ ಮಾತ್ರೆ ಬಿಟ್ಟ ಮೇಲೆ ಅದು ಹೋಗುತ್ತದೆ. ಕೆಲವರಲ್ಲಿ ಉಳಿಯಬಹುದು ಎಂಬ ಮಾತನ್ನು 2012ರಲ್ಲಿ ಎಫ್‌ಡಿಎ ಸೂಚನಾ ಪತ್ರಕ್ಕೆ ಸೇರಿಸಿತು. ಮನಸ್ಸಿನ ಪಾತ್ರವೂ ಇದರಲ್ಲಿ ಇದೆ. ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ಪಡೆದ ಇಟಲಿಯ ರೋಗಿಗಳಲ್ಲಿ, ಲೈಂಗಿಕ ತೊಂದರೆ ಬರಬಹುದು ಎಂದು ಮುಂಚೆಯೇ ಹೇಳಿಸಿಕೊಂಡವರಲ್ಲಿ ಶೇ 43.6 ಮಂದಿಗೆ, ಹೇಳಿಸಿಕೊಳ್ಳದವರಲ್ಲಿ ಶೇ 15.3 ಮಂದಿಗೆ ಅದು ಬಂತು. ಹಾಗೆಂದು ತೊಂದರೆ ಹೇಳಿಕೊಂಡು ಬಂದವನಿಗೆ "ಎಲ್ಲ ನಿನ್ನ ಮನಸ್ಸಿನಲ್ಲಿದೆ" ಎಂದು ಹೇಳಿ ಕಳಿಸುವುದು ಅನ್ಯಾಯ. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ, ಆತ್ಮಹತ್ಯೆಯ ಆಲೋಚನೆ ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮ ಹೌದು ಎಂದು ಖಚಿತಪಡಿಸಿತು. ಸಮಿತಿ ಪರಿಶೀಲಿಸಿದ ವರದಿಗಳಲ್ಲಿ 313 ಈ ಔಷಧಿಗೆ ಸೇರಿದ್ದವು. ಒಬ್ಬ ಒಂದು ವರ್ಷ ಬಳಸಿದ್ದನ್ನು ಒಂದು ಎಂದು ಎಣಿಸಿದರೆ ಒಟ್ಟು ಬಳಕೆ ಸುಮಾರು 27 ಕೋಟಿ ವರ್ಷಗಳಷ್ಟು. ಅಪರೂಪ, ಆದರೆ ಆ ಅಪರೂಪದಲ್ಲಿ ಸಿಕ್ಕವನಿಗೆ ಅಂಕಿಸಂಖ್ಯೆಯಿಂದ ಸಮಾಧಾನ ಸಿಗುವುದಿಲ್ಲ. ಹಿಂದೆ ಖಿನ್ನತೆ ಇದ್ದವನು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಮಾತ್ರೆ ಶುರುಮಾಡಿದ ಮೇಲೆ ಮಂಕು ಕವಿದರೆ, ಬದುಕು ಬೇಡವೆನಿಸಿದರೆ ಅಂದೇ ನಿಲ್ಲಿಸಿ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. ಕೂದಲಿಗಾಗಿ ಸಹಿಸಿಕೊಳ್ಳಬೇಕಾದ ಸಂಗತಿ ಅದಲ್ಲ.

ಫಿನಾಸ್ಟರೈಡ್ ಲೋಷನ್, ಸ್ಪ್ರೇ ಆಗಿ ಹೊರಬರುತ್ತಿರುವುದು ಈ ಭಯದಿಂದಲೇ. ಯುರೋಪಿನಲ್ಲಿ 458 ಗಂಡಸರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 24 ವಾರಗಳ ನಂತರ ಅಳತೆ ಮಾಡಿದ ಜಾಗದಲ್ಲಿ ಸ್ಪ್ರೇಯಿಂದ 20.2 ಕೂದಲು ಹೆಚ್ಚಾದವು, ಮಾತ್ರೆಯಿಂದ 21.1, ಔಷಧಿಯಿಲ್ಲದ ಸ್ಪ್ರೇಯಿಂದ 6.7. ಫಲದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ರಕ್ತದಲ್ಲಿ ಸಿಕ್ಕ ಔಷಧಿಯ ಪ್ರಮಾಣ ಸ್ಪ್ರೇ ಬಳಸಿದವರಲ್ಲಿ ಮಾತ್ರೆಯವರದ್ದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಇಷ್ಟೇ ಕೇಳಿದರೆ ಸ್ಪ್ರೇಗೆ ಜಯವೆನ್ನಬೇಕು. ಆದರೆ ರಕ್ತದ ಡಿಎಚ್‌ಟಿ ಮಾತ್ರೆಯಿಂದ ಶೇ 55.6ರಷ್ಟು ಇಳಿದರೆ, ಸ್ಪ್ರೇಯಿಂದಲೂ ಶೇ 34.5ರಷ್ಟು ಇಳಿಯಿತು. ಹನಿ ನೀರಾವರಿಯ ಪೈಪಿನಿಂದ ಬುಡಕ್ಕೆ ಬಿಟ್ಟ ನೀರೂ ಪಕ್ಕದ ಮಣ್ಣಿಗೆ ಹರಡುವಂತೆ, ನೆತ್ತಿಗೆ ಹಚ್ಚಿದ್ದೂ ಮೈಗೆ ಇಳಿಯುತ್ತದೆ, ಕಡಿಮೆ ಅಷ್ಟೇ.

ಕಡಿಮೆ ಎನ್ನುವುದೂ ಎಷ್ಟು ಹಚ್ಚಿದರು, ಎಷ್ಟು ತೀಕ್ಷ್ಣದ್ದು ಹಚ್ಚಿದರು ಎಂಬುದರ ಮೇಲಿದೆ. ಆ ಪರೀಕ್ಷೆಯ ಸ್ಪ್ರೇ ಶೇ 0.25ರದ್ದು, ಅಳತೆ ಮಾಡಿ ಹೊಡೆದದ್ದು. ಅಮೆರಿಕದಲ್ಲಿ ಔಷಧಿ ಅಂಗಡಿಗಳೇ ಬೆರೆಸಿ, ಆನ್‌ಲೈನಿನಲ್ಲಿ ಮಾರುವ ಫಿನಾಸ್ಟರೈಡ್ ಲೋಷನ್‌ಗಳ ಬಗ್ಗೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. 2019ರಿಂದ 2024ರ ನಡುವೆ ಅದಕ್ಕೆ ಬಂದ 32 ದೂರುಗಳಲ್ಲಿ ನಿಮಿರು ದೌರ್ಬಲ್ಯ, ಆತಂಕ, ಖಿನ್ನತೆ, ನಿದ್ರೆ ಬಾರದಿರುವುದು ಎಲ್ಲವೂ ಇದ್ದವು. ಕೆಲವರಿಗೆ ಲೋಷನ್ ಬಿಟ್ಟ ಮೇಲೂ ಅವು ಹೋಗಲಿಲ್ಲ. ಹಚ್ಚುವುದರಿಂದ ಮೈಗೇನೂ ಆಗದು ಎಂದು ನಂಬಿಸಿದ್ದೂ ಅವರಲ್ಲಿ ಕೆಲವರ ಕೊರಗು. ನಮ್ಮಲ್ಲಿ ಶೇ 5ರ ಮಿನಾಕ್ಸಿಡಿಲ್ ಜತೆ ಶೇ 0.1ರ ಫಿನಾಸ್ಟರೈಡ್ ಸೇರಿಸಿದ ಬಾಟಲಿಗಳು ಹಲವು ಹೆಸರಿನಲ್ಲಿ ಸಿಗುತ್ತವೆ. ಡಬ್ಬಿ ಒಂದೇ ರೀತಿ, ಹೆಸರಿನ ಕೊನೆಗೆ ಒಂದು ಅಕ್ಷರ ಹೆಚ್ಚು. ಬರೀ ಮಿನಾಕ್ಸಿಡಿಲ್ ಎಂದುಕೊಂಡು ಹಾರ್ಮೋನಿನ ಔಷಧಿಯನ್ನೂ ಹಚ್ಚಿಕೊಳ್ಳುವವರು ಇದ್ದಾರೆ. ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ಅಂಗಡಿಯಲ್ಲೇ ಓದಬೇಕು.

ಮಾತ್ರೆಯ ಇನ್ನೊಂದು ಅಪಾಯ ಅಡುಗೆಮನೆಯ ಕಟ್ಟೆಯ ಮೇಲಿದೆ. ದುಡ್ಡು ಉಳಿಯುತ್ತದೆಂದು 5 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ ತಂದು ಬ್ಲೇಡಿನಿಂದ ನಾಲ್ಕು ತುಂಡು ಮಾಡುವವರುಂಟು. ಇಡೀ ಮಾತ್ರೆಗೆ ಮೇಲ್ಲೇಪ ಇರುತ್ತದೆ. ತುಂಡಾದರೆ ಪುಡಿ ಉದುರುತ್ತದೆ. ಗರ್ಭಿಣಿ ಆ ಪುಡಿಯನ್ನು ಮುಟ್ಟಬಾರದು. ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ಅದರ ಜನನಾಂಗದ ಬೆಳವಣಿಗೆಗೆ ಬೇಕಾದ ಡಿಎಚ್‌ಟಿಯನ್ನೇ ಈ ಔಷಧಿ ತಡೆಯುತ್ತದೆ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸಿನ ವೀರ್ಯಾಣುಗಳ ಸಂಖ್ಯೆಯೂ ಕೆಲವರಲ್ಲಿ ತಗ್ಗುತ್ತದೆ, ಮಾತ್ರೆ ಬಿಟ್ಟರೆ ಏರುತ್ತದೆ. ಮದುವೆಗೆ ಮುಂಚೆ ಕೂದಲು ಬೇಕೆಂದು ಶುರುಮಾಡಿ, ಮದುವೆಯಾದ ಮೇಲೆ ಹೇಳದೆ ಮುಂದುವರಿಸುವವರು ಹೆಂಡತಿಗೆ ಈ ವಿಷಯ ತಿಳಿಸಲೇಬೇಕು.

ಮದುವೆಯ ಒತ್ತಡ ನಿಜವಾದದ್ದು. ರಾಜ್ ಬಿ. ಶೆಟ್ಟಿ 2017ರಲ್ಲಿ ಮಾಡಿದ 'ಒಂದು ಮೊಟ್ಟೆಯ ಕಥೆ' ಸಿನಿಮಾದ ಕನ್ನಡ ಉಪನ್ಯಾಸಕ ಜನಾರ್ದನನಿಗೆ ಹೆಣ್ಣು ಸಿಗದಿರಲು ಬೋಳುತಲೆಯೇ ಅಡ್ಡಿ. ಆ ಸಿನಿಮಾವನ್ನು ಕನ್ನಡದ ಪ್ರೇಕ್ಷಕರು ಕೈಹಿಡಿದದ್ದು ಅದರಲ್ಲಿ ತಮ್ಮ ಮನೆಯ ಮಾತು ಕೇಳಿಸಿದ್ದರಿಂದ. ಈ ನೋವನ್ನು ಕ್ಷುಲ್ಲಕ ಎನ್ನುವ ವೈದ್ಯರಿಂದ ಹುಡುಗರು ಎದ್ದು ಹೋಗುವುದು ಆನ್‌ಲೈನ್ ಮಾರಾಟಗಾರರ ಬಳಿಗೆ.

ಎಣ್ಣೆಯ ಮಾತೂ ಬರಬೇಕು. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು ಪ್ರೊಟೀನ್ ಸೋರಿಕೆ ತಗ್ಗಿಸುತ್ತದೆ ಎಂದು ಮುಂಬೈಯಲ್ಲಿ ನಡೆದ ಪ್ರಯೋಗ 2003ರಲ್ಲಿ ತೋರಿಸಿದೆ. ಕೂದಲು ತುಂಡಾಗುವುದು ಕಡಿಮೆಯಾಗುತ್ತದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆ ಎಣ್ಣೆ ಇತ್ತೀಚೆಗೆ ದೇಶವೆಲ್ಲ ಸುತ್ತುತ್ತಿದೆ. ಎಷ್ಟೋ ಕುಟುಂಬಗಳಿಗೆ ಅದರಿಂದ ಅನ್ನ ಹುಟ್ಟಿದೆ. ಎಣ್ಣೆ ಕೂದಲಿಗೆ ಹೊಳಪು ಕೊಡಲಿ, ತಲೆಗೆ ತಂಪು ಕೊಡಲಿ. ಬುಡವನ್ನು ಸಣ್ಣಗೆ ಮಾಡುವ ಡಿಎಚ್‌ಟಿಯನ್ನು ಎಣ್ಣೆಯಿಂದ ತಡೆಯಬಹುದು ಎಂದುಕೊಂಡು ಐದಾರು ವರ್ಷ ಕಳೆದರೆ, ಚಿಕಿತ್ಸೆಗೆ ಸಿಗಬೇಕಾದ ಕಾಲ ಕೈಜಾರುತ್ತದೆ.

ಹೀಗಾಗಿ ಹಚ್ಚುವುದೋ ನುಂಗುವುದೋ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ, ಒಬ್ಬೊಬ್ಬನಿಗೂ ಒಂದು ಉತ್ತರ ಉಂಟು. ನೆತ್ತಿ ಈಗಷ್ಟೇ ತೆಳುವಾಗುತ್ತಿರುವ, ಶಿಸ್ತಿನ ಹುಡುಗನಿಗೆ ಶೇ 5ರ ಮಿನಾಕ್ಸಿಡಿಲ್ ಲೋಷನ್ನಿನಿಂದ ಶುರುಮಾಡುವುದು ಒಳ್ಳೆಯದು. ಆರು ತಿಂಗಳು ನೋಡದೆ ಸೋತೆ ಎನ್ನಬಾರದು. ಮಡಿಲಲ್ಲಿ ಕೂಸು ಇರುವವನಿಗೆ, ಅಥವಾ ಪ್ರಾಮಾಣಿಕವಾಗಿ ಹಚ್ಚಿಯೂ ಫಲ ಕಾಣದವನಿಗೆ, ಹೃದಯ ಗಟ್ಟಿಯಿದ್ದರೆ, ಸಣ್ಣ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆ ವೈದ್ಯರ ಜತೆ ಮಾತಾಡಬೇಕಾದ ದಾರಿ. ವೇಗವಾಗಿ ಕೂದಲು ಕಳೆದುಕೊಳ್ಳುತ್ತಿರುವ, ಮನಸ್ಸು ನೆಮ್ಮದಿಯಾಗಿರುವವನಿಗೆ ಫಿನಾಸ್ಟರೈಡ್ ಮಾತ್ರೆಯಷ್ಟು ಪರೀಕ್ಷೆಗೊಳಗಾದದ್ದು ಬೇರೆಯಿಲ್ಲ. ಮಾತ್ರೆಗೆ ಅಂಜುವವನಿಗೆ ಹಚ್ಚುವ ಫಿನಾಸ್ಟರೈಡ್ ಒಂದು ಮಧ್ಯದ ಹಾದಿ, ಅದೂ ಎಷ್ಟು ತೀಕ್ಷ್ಣದ್ದೆಂದು ತಿಳಿದ ಮೇಲೆ. ಯಾವುದನ್ನೇ ಹಿಡಿದರೂ ಬಳಸುವವರೆಗೆ ಮಾತ್ರ ಫಲ. ಮಿನಾಕ್ಸಿಡಿಲ್ ಬಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ, ಫಿನಾಸ್ಟರೈಡ್ ಬಿಟ್ಟರೆ ವರ್ಷದೊಳಗೆ ಗಳಿಸಿದ್ದು ಹೋಗುತ್ತದೆ.

ವರ್ಷಗಟ್ಟಲೆ ಫಿನಾಸ್ಟರೈಡ್ ನುಂಗುವವನು ಇನ್ನೆರಡು ಕಡೆ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಒಂದು, ರಕ್ತದಾನದ ಶಿಬಿರದಲ್ಲಿ. ಆ ರಕ್ತ ಗರ್ಭಿಣಿಗೆ ಹೋಗಬಹುದಾದ್ದರಿಂದ, ಕಡೆಯ ಮಾತ್ರೆ ನುಂಗಿ ಒಂದು ತಿಂಗಳಾಗುವವರೆಗೆ ಅಮೆರಿಕದ ರಕ್ತನಿಧಿಗಳು ಅಂಥವರಿಂದ ರಕ್ತ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ಐವತ್ತು ದಾಟಿ ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆಗೆ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗ. ಈ ಔಷಧಿ ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಲ್ಯಾಬಿನ ಚೀಟಿಯಲ್ಲಿ 2.5 ಎಂದು ಬಂದದ್ದನ್ನು ವೈದ್ಯರು 5 ಎಂದು ಓದಿಕೊಳ್ಳಬೇಕು, ಅದಕ್ಕೆ ಅವರಿಗೆ ಮಾತ್ರೆಯ ವಿಷಯ ಗೊತ್ತಿರಬೇಕು.